ಎತ್ತಿಟ್ಟ ಕರೆಂಟು

ನಮ್ಮ ಮನೆಯ ಮಿಕ್ಸಿಗೆ ಈಗ ಸವತಿಯೊಬ್ಬಳು ಬಂದಿದ್ದಾಳೆ. ಅಂಗೈ ಅಗಲದ ಕಪ್ಪು ಡಬ್ಬಿ, ಎರಡು ಕಡೆ ಎರಡು ವೈರು, ಮೂತಿಯ ಮೇಲೊಂದು ಚಿಕ್ಕ ದೀಪ. ನಮ್ಮವರ ಸೈಕಲ್ಲಿನ ಬ್ಯಾಟರಿ ಚಾರ್ಜರು. ಅಡುಗೆಮನೆಯಲ್ಲಿರುವುದು ಒಂದೇ ಪ್ಲಗ್ಗು. ಅದು ಕೂತರೆ ಚಟ್ನಿ ಇಲ್ಲ, ಚಟ್ನಿ ಆಗಬೇಕಾದರೆ ಅದು ಏಳಬೇಕು. ಆದರೂ ನನಗೆ ಅದರ ಮೇಲೆ ಸಿಟ್ಟಿಲ್ಲ. ಆ ದೀಪ ಕೆಂಪಗೆ ಉರಿಯುತ್ತಿದ್ದರೆ ಬರೀ ದೋಸೆ ತಿಂದುಕೊಂಡಿರಲು ನಾನು ಸಿದ್ಧ. ಅದು ಹಸಿರಾಗಿದ್ದರೆ ಮಾತ್ರ ಕೈಕಾಲು ತಣ್ಣಗಾಗುತ್ತವೆ. ಹಸಿರು ಕಂಡರೆ ಹೆದರುವ ಹೆಂಗಸು ಮಧುಗಿರಿ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ನಮ್ಮವರು ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವವರು. ನಮ್ಮ ಮನೆ ಮಧುಗಿರಿಯಲ್ಲಿ, ಲೈಬ್ರರಿ ಇರುವುದು ಅಲ್ಲಿಂದ ಪುರವರದ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಹೆಸರು ಬೇಡ ಬಿಡಿ, ಅಲ್ಲಿಯವರು ಓದುವ ಜನ, ಇದನ್ನೂ ಓದಿಬಿಟ್ಟಾರು. ಬೆಳಿಗ್ಗೆ ಪೇಪರು ಬರುವ ಹೊತ್ತಿಗೆ ಬಾಗಿಲು ತೆರೆದಿರಬೇಕು ಅನ್ನುವುದು ಇವರ ಹಟ, ಅಷ್ಟು ಬೇಗ ಬಸ್ಸಿಲ್ಲ. ಸ್ಕೂಟರು ಕಲಿಯಿರಿ ಅಂದರೆ ಕಿವುಡು. ಮದುವೆಯಾದ ಹೊಸದರಲ್ಲಿ ಯಾರದೋ ಮೊಪೆಡ್ ಹತ್ತಿ ನೇರವಾಗಿ ರಾಗಿ ಬಣವೆಯೊಳಗೆ ಹೋಗಿ, ಜನ ಹುಲ್ಲು ಕಿತ್ತು ಇವರನ್ನು ಹೊರಗೆ ತೆಗೆದಿದ್ದರು. ಅಂದಿನಿಂದ ಪೆಟ್ರೋಲ್ ವಾಸನೆ ಬಂದರೆ ಇವರಿಗೆ ಸೀನು. ಹಾಗಾಗಿ ಸೈಕಲ್ಲೇ ಗತಿ. ದಾರಿಯೇನೂ ಬಹಳ ದೂರವಲ್ಲ, ಆದರೆ ನಡುವೆ ಒಂದು ಹಳ್ಳವಿದೆ. ನಮ್ಮೂರ ಕಡೆಯಿಂದ ರಸ್ತೆ ಸೇತುವೆಗೆ ಇಳಿಯುತ್ತದೆ, ಸೇತುವೆ ದಾಟಿದರೆ ಹತ್ತುತ್ತದೆ. ಹೋದರೂ ಏರು, ಬಂದರೂ ಏರು.

ಹೋದ ವರ್ಷ ದಸರಾ ಕಳೆದ ಮೇಲೆ ಇವರಿಗೆ ಎದೆನೋವು ಬಂತು. ತುಮಕೂರಿಗೆ ಓಡಿದೆವು, ಸ್ಟೆಂಟ್ ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು, "ಸಮತಟ್ಟಾದ ಕಡೆ ಸೈಕಲ್ ತುಳೀಬಹುದು, ಏರಲ್ಲಿ ಬೇಡ. ಏದುಸಿರು ಬರೋ ಕೆಲಸ ಯಾವುದೂ ಬೇಡ" ಅಂದರು. ನಮ್ಮವರು ತಲೆಯಾಡಿಸಿದರು. ಜೊತೆಗೆ ಬಾಳಿದವಳಿಗೆ ಆ ತಲೆಯಾಟದ ಅರ್ಥ ಗೊತ್ತಿರುತ್ತದೆ. "ಸೈಕಲ್ ತುಳೀಬಹುದು" ಅನ್ನುವವರೆಗೆ ಕೇಳಿಸಿತು, ಉಳಿದದ್ದು ಕೇಳಿಸಲಿಲ್ಲ, ಅಷ್ಟೆ.

ಮತ್ತೆ ಕೆಲಸಕ್ಕೆ ಹೋಗತೊಡಗಿದ ಮೇಲೆ ನನಗೆ ಸಂಜೆ ಅನ್ನುವುದೇ ವೈರಿಯಾಯಿತು. ಸೂರ್ಯ ಬೆಟ್ಟದ ಹಿಂದೆ ಸರಿದ ಕೂಡಲೇ ಕಿವಿ ಬಾಗಿಲಿಗೆ ಹೋಗುತ್ತಿತ್ತು. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೂ ನನಗೆ ಕೇಳಬೇಕಾದದ್ದು ಗೇಟಿನ ಒಳಗೆ ಸೈಕಲ್ ಸ್ಟ್ಯಾಂಡ್ ಹಾಕುವ ಸದ್ದು. ಆ ಸದ್ದು ಬಂದರೆ ನನಗೆ ಉಸಿರು, ಬರದಿದ್ದರೆ ಬೀದಿಗೂ ಒಲೆಗೂ ಓಡಾಟ. ಫೋನ್ ಮಾಡಿದರೆ ತುಳಿಯುತ್ತಲೇ ಎತ್ತಿ ಮಾತಾಡುತ್ತಾರೆ ಅನ್ನುವ ಭಯಕ್ಕೆ ಫೋನೂ ಮಾಡುವಂತಿಲ್ಲ. ಏರಿನಲ್ಲಿ ಇಳಿದು ತಳ್ಳುತ್ತೀರಾ ಅಂತ ಕೇಳಿದರೆ "ಹೂಂ" ಅನ್ನುತ್ತಿದ್ದರು. ಬನಿಯನ್ ಹಿಂಡಿದರೆ ನೀರು ಬರುತ್ತಿತ್ತು.

ನಮ್ಮಪ್ಪನ ಸೈಕಲ್ಲಿಗೆ ಡೈನಮೊ ಇತ್ತು. ಎಲ್ಲಿಂದ ಎಲ್ಲಿಗೆ ಹೋದೆ ಅಂತ ನಗಬೇಡಿ, ಸೈಕಲ್ಲು ಅಂದರೆ ನನಗೆ ಮೊದಲು ನೆನಪಾಗುವುದು ಅದೇ. ಪಾವಗಡದ ಕಡೆ ನಮ್ಮ ತವರು. ಆ ಸೈಕಲ್ಲಿನ ಒಳಗೆ ಕಾಲು ತೂರಿಸಿ ಒಳಪೆಡ್ಲು ಹೊಡೆದು ಕಲಿತವಳು ನಾನು. ಮೊಣಕಾಲ ಕೆಳಗಿನ ಗಾಯದ ಗುರುತು ನೋಡಿ, ಹೆಣ್ಣು ನೋಡಲು ಬಂದ ನಮ್ಮವರು ಇದು ನಾಯಿ ಕಚ್ಚಿದ್ದಾ ಅಂತ ಕೇಳಿದ್ದರು. ಆ ಮಾತಿಗೆ ನಾನು ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಇರಲಿ, ಡೈನಮೊ. ಟೈರಿಗೆ ತಾಗಿಸಿದರೆ ಗುರ್ರೆಂದು ತಿರುಗಿ ಲೈಟು ಹತ್ತುವುದು, ತುಳಿತ ಭಾರವಾಗುವುದು. ಏರು ಬಂದರೆ ಅಪ್ಪ ಅದನ್ನು ಕಾಲಲ್ಲೇ ಎತ್ತಿಬಿಟ್ಟು ಕತ್ತಲಲ್ಲೇ ಹತ್ತುತ್ತಿದ್ದರು. ಮುಂದಿನ ಕಂಬಿಯ ಮೇಲೆ ಕೂತ ನಾನು ಹೆದರಿ ಕಿರುಚಿದರೆ, "ಬೆಳಕು ಬೇಕಾ ಉಸ್ರು ಬೇಕಾ ನೋಡ್ಕ. ಎಲ್ಡೂ ಬೇಕು ಅಂದ್ರೆ ದ್ಯಾವ್ರೂ ಕೊಡಕ್ಕಿಲ್ಲ ಕಣವ್ವ" ಅನ್ನುತ್ತಿದ್ದರು.

ಈ ಕಾಲದಲ್ಲಿ ಉಸಿರು ಕೊಡುವ ಡೈನಮೊ ಬಂದಿದೆ ಅಂತ ಹೇಳಿದವಳು ಮಗಳು. ಶಿರಾದಲ್ಲಿ ನರ್ಸು, ಅಲ್ಲೇ ಗಂಡನ ಮನೆ. "ಅಮ್ಮಾ, ಹಳೇ ಸೈಕಲ್ಲಿಗೇ ಮೋಟಾರು ಬ್ಯಾಟರಿ ಹಾಕಿಕೊಡ್ತಾರೆ, ಕಿಟ್ ಅಂತಾರೆ. ಲೈಸೆನ್ಸೂ ಬೇಡ, ಪೆಟ್ರೋಲೂ ಬೇಡ" ಅಂದಳು. ಪೆಟ್ರೋಲ್ ಬೇಡ ಅಂದದ್ದು ಕೇಳಿ ನಮ್ಮವರೂ ಪೇಪರಿನಿಂದ ತಲೆ ಎತ್ತಿದರು. ಅಲ್ಲಿಂದ ಶುರುವಾಯಿತು ನೋಡಿ, ಯಾವ ಕಿಟ್ಟು ಅನ್ನುವ ರಾಮಾಯಣ. ಮಗಳಿಗೆ ಗಂಡು ಹುಡುಕುವಾಗಲೂ ನಾವು ಇಷ್ಟು ಜನರ ಮಾತು ಕೇಳಿರಲಿಲ್ಲ.

ನನ್ನ ತಮ್ಮ ಓಬಳೇಶ ಪಾವಗಡದ ಕಡೆ ಸೋಲಾರ್ ಹಲಗೆ ತೊಳೆಸುವ ಮೇಸ್ತ್ರಿ. ತೊಳೆಸುವುದು ನೀರಿನ ಕೆಲಸವಾದರೂ ಕರೆಂಟಿನ ವಿಷಯದಲ್ಲಿ ತನ್ನದೇ ಕೊನೆಯ ಮಾತು ಅಂತ ಅವನ ನಂಬಿಕೆ. ಈ ತಲೆನೋವೇ ಬೇಡ ಅಂತ, ಅರ್ಧ ತೆಲುಗು ಬೆರೆಸಿ, ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ. "ಎಂದುಕಕ್ಕಾ ಈ ತಲನೊಪ್ಪಿ? ಭಾವಂಗೆ ಒಂದ್ ಸೋಲಾರ್ ಹಲಗೆ ನಾನೇ ತಂದ್ಕೊಡ್ತೀನಿ. ತಲೆ ಮ್ಯಾಲೆ ಚಪ್ಪರದಂಗೆ ಕಟ್ಬುಟ್ರೆ ನೆಳ್ಳಿಗೆ ನೆಳ್ಳೂ ಆತು, ಕರೆಂಟಿಗೆ ಕರೆಂಟೂ ಆತು. ಚಾರ್ಜರ್ ಗೀರ್ಜರ್ ಏಮೀ ಅಕ್ಕರ್ಲೇದು, ಏನೂ ಬ್ಯಾಡ."

"ಗಾಳಿ ಬಂದ್ರೆ ಏನ್ಲಾ ಮಾಡ್ತಾರೆ?" ಅಂದೆ.

"ಗಾಳಿ ಬಂದ್ರೆ ಇನ್ನೂ ಸ್ಪೀಡಾಗಿ ಹೋಗ್ತಾರೆ ಬುಡಕ್ಕ!"

ಫೋನ್ ಇಟ್ಟೆ. ನಗು ಬರಬೇಕಿತ್ತು, ಬರಲಿಲ್ಲ. ಇವನಿಗೆ ತಮಾಷೆ. ಆ ಏರಿನಲ್ಲಿ ದಿನಾ ಹತ್ತಬೇಕಾದ ಎದೆ ನನ್ನ ಮನೆಯದು.

ಕೊರಟಗೆರೆಯಲ್ಲಿ ಬಟ್ಟೆ ಅಂಗಡಿಯ ಒಬ್ಬರು ಇಂಥದೇ ಕಿಟ್ ಹಾಕಿಸಿದ್ದಾರೆ ಅಂತ ಸುದ್ದಿ ಬಂತು. ಕಣ್ಣಾರೆ ನೋಡಿದ ಹಾಗಾಗುತ್ತದೆ ಅಂತ ಇಬ್ಬರೂ ಬಸ್ಸು ಹತ್ತಿ ಹೋದೆವು. ಆತ ನಗುತ್ತಾ ಬರಮಾಡಿಕೊಂಡರು. ನಕ್ಕಾಗ ಮುಂದಿನ ಒಂದು ಹಲ್ಲು ಇರಲಿಲ್ಲ.

"ಮೊದ್ಲು ಮುಂದಿನ ಚಕ್ರಕ್ಕೆ ಮೋಟಾರ್ ಹಾಕ್ಸಿದ್ದೆ ಕಣಮ್ಮ. ಚಕ್ರ ಹಿಡ್ಕಳೋ ಫೋರ್ಕು ಹಳೇದು, ತುಕ್ಕು ಹಿಡಿದಿತ್ತು. ಏರಲ್ಲಿ ಮೋಟಾರ್ ಎಳೀತು ನೋಡಿ, ಚಕ್ರ ಕಿತ್ಕೊಂಡು ಅದೊಂದ್ಕಡೆ, ನಾನೊಂದ್ಕಡೆ!"

"ಅಯ್ಯೋ, ಆಮೇಲೆ?"

"ಆಮೇಲೇನು, ಹಿಂದಿನ ಚಕ್ರಕ್ಕೆ ಹಾಕ್ಸ್ದೆ. ಈಗ ಸೂಪರ್."

ನಮ್ಮವರು ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬಸ್ಸಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಚಕ್ರ ಒಂದು ಕಡೆ, ಇವರೊಂದು ಕಡೆ ಬಿದ್ದದ್ದನ್ನೇ ನೋಡುತ್ತಾ ಬಂದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿದ್ದರೂ ಹೊರಗಿನದೇನೂ ಕಾಣಲಿಲ್ಲ.

ಕೊನೆಗೆ ಶಿರಾದ ನಯಾಜ್ ಅಂಗಡಿಗೆ ಹೋದೆವು. ಮಗಳು ಗೊತ್ತುಮಾಡಿದ್ದು. ಸೈಕಲ್ಲನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋದದ್ದಕ್ಕೆ ದಾರಿಯಲ್ಲಿ ಕಂಡವರೆಲ್ಲ ಮನೆ ಬದಲಾಯಿಸುತ್ತಿದ್ದೀರಾ ಅಂತ ಕೇಳಿದರು. ನಯಾಜ್ ಬಾಯಿ ಸುಮ್ಮನಿರುವ ಬಾಯಲ್ಲ. "ಫಿಕರ್ ಬೇಡ ಅಮ್ಮಾ, ಸಾಬ್‌ಗೆ ರಾಕೆಟ್ ಮಾಡಿ ಕೊಡ್ತೀನಿ" ಅಂದ. ರಾಕೆಟ್ ಬೇಡಪ್ಪ, ಏರು ಹತ್ತಿಸಿದರೆ ಸಾಕು ಅಂದೆ. ಮೋಟಾರು ಹಿಂದಿನ ಚಕ್ರಕ್ಕೆ ಅಂತ ಕೊರಟಗೆರೆಯ ಹಲ್ಲೇ ತೀರ್ಮಾನ ಮಾಡಿತ್ತು. ಹೋಗಿ ಬರುವಷ್ಟಕ್ಕೆ ಸಾಕಾಗಿ ಸ್ವಲ್ಪ ಮಿಗುವ ಬ್ಯಾಟರಿಯನ್ನೂ ಆರಿಸಿದ್ದಾಯಿತು. ಉಳಿದದ್ದು ಒಂದೇ ಪ್ರಶ್ನೆ.

"ಇದ್ರಲ್ಲಿ ಎರಡು ಥರ ಬರ್ತದೆ" ಅಂದ ನಯಾಜ್. "ಒಂದು, ಹ್ಯಾಂಡಲ್ ತಿರುಪೋದು. ತಿರುಪಿದ್ರೆ ಮೋಟಾರ್ ಓಡ್ತದೆ, ಇಲ್ಲಾಂದ್ರೆ ಚುಪ್‌ಚಾಪ್ ಕೂತಿರ್ತದೆ. ಇನ್ನೊಂದು, ಪೆಡಲ್‌ಗೆ ಸೆನ್ಸರ್. ಕಾಲು ಹಾಕಿ ತುಳಿದ್ರೆ ಸಾಕು, ಮೋಟಾರ್ ತಾನೇ ಬಂದು ದೂಕ್ತದೆ. ಕೇಳೋದೇ ಬೇಕಾಗಿಲ್ಲ."

"ಸೆನ್ಸರ್ದೇ ಇರ್ಲಿ" ಅಂದೆ ನಾನು.

"ತಿರುಪೋದು ಇರ್ಲಿ" ಅಂದರು ಇವರು.

"ಏನ್ರೀ, ತಾನೇ ಬರೋದು ಒಳ್ಳೇದಲ್ವಾ?"

"ನಾನು ಕಾಲಿಟ್ಟ ತಕ್ಷಣ ಬಂದು ಕೈ ಹಿಡ್ಕಳಕೆ ನಾನೇನ್ ಎಳೇ ಮಗೀನಾ? ಕರೆಂಟು ಯಾವಾಗ ಬೇಕು ಅನ್ನಾದು ನನ್ನ ಕೈಯಾಗಿರ್ಲಿ."

"ನಿಮ್ಮ ಕೈಯಾಗಿದ್ರೆ ನೀವು ಹಾಕಲ್ಲ."

"ಯಾಕೆ ಹಾಕಲ್ಲ?"

ಯಾಕೆ ಅಂತ ನನಗೆ ಆಗ ಗೊತ್ತಿರಲಿಲ್ಲ, ಹಾಕುವುದಿಲ್ಲ ಅಂತ ಮಾತ್ರ ಹೊಟ್ಟೆಗೆ ಗೊತ್ತಿತ್ತು. ಹೊಸ ಟವೆಲ್ಲನ್ನು ಮಡಿಕೆ ಬಿಚ್ಚದೆ ಬೀರುವಿನಲ್ಲಿಟ್ಟು ಹರಿದದ್ದರಲ್ಲೇ ಮೈ ಒರೆಸಿಕೊಳ್ಳುವ ಮನುಷ್ಯ ಇವರು. ಟಾರ್ಚಿಗೆ ಹೊಸ ಸೆಲ್ಲು ಹಾಕಿ, ಸವೆಯುತ್ತದೆ ಅಂತ ಬೆಂಕಿಕಡ್ಡಿ ಗೀರಿ ಹಿತ್ತಿಲಿಗೆ ಹೋಗುವವರು. ಇನ್ನೂ ನಾಲ್ಕು ಮಾತು ಆಡಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಇವರ ಕೈ ಎದೆಯ ಮೇಲೆ ಹೋಯಿತು. ಸ್ಟೆಂಟ್ ಹಾಕಿಸಿಕೊಂಡು ಬಂದ ಮೇಲೆ ಕಲಿತ ವಿದ್ಯೆ ಇದು. ಜಗಳದಲ್ಲಿ ಸೋಲುವ ಹಾಗಾದರೆ ಸಾಕು, ಕೈ ಮೆಲ್ಲಗೆ ಎದೆಗೆ ಹೋಗುತ್ತದೆ. ನಿಜವಾಗಿ ನೋಯುತ್ತಿದೆಯೋ ನಾಟಕವೋ ಅಂತ ಪರೀಕ್ಷೆ ಮಾಡುವ ಧೈರ್ಯ ಯಾವ ಹೆಂಡತಿಗಿರುತ್ತದೆ ಹೇಳಿ? "ಏನಾದ್ರೂ ಹಾಕ್ಸ್ಕಳಿ" ಅಂತ ಸುಮ್ಮನಾದೆ. ನಯಾಜ್ ತಿರುಪುವುದನ್ನೇ ಹಾಕಿದ.

ಮಧುಗಿರಿಗೆ ತಂದು ಪೂಜೆ ಮಾಡಿದೆ. ಬ್ಯಾಟರಿಗೆ ಕುಂಕುಮ, ಹ್ಯಾಂಡಲ್ಲಿಗೆ ಸೇವಂತಿಗೆ, ಚಕ್ರದ ಕೆಳಗೆ ನಿಂಬೆಹಣ್ಣು. ಮೊದಲ ದಿನ ಇವರು ಹ್ಯಾಂಡಲ್ ತಿರುಪಿದಾಗ ಸೈಕಲ್ಲು ತಾನಾಗಿ ನಿಂಬೆಹಣ್ಣು ಜಜ್ಜಿಕೊಂಡು ಮುಂದೆ ಹೋಯಿತು. ಕಾಲು ಎರಡೂ ಸುಮ್ಮನೆ, ಬೆನ್ನು ನೆಟ್ಟಗೆ. ಬೀದಿಯ ಜನ "ಓಹೋ, ಲೈಬ್ರರಿ ಸಾರು ಕರೆಂಟಾಗ್ಬುಟ್ರು" ಅಂದರು. ಬೀದಿಯ ತಿರುವಿನವರೆಗೂ ನೋಡುತ್ತಾ ನಿಂತಿದ್ದ ನನಗೆ ಕಣ್ಣು ತುಂಬಿತು. ಇನ್ನು ಈ ಸಂಜೆಗಳ ಕಾಟ ತಪ್ಪಿತು ಅನ್ನಿಸಿ, ಅವತ್ತು ಪಾಯಸ ಮಾಡಿದೆ. ಇವರಿಗೆ ಬೆಲ್ಲ ಹಾಕಿದ್ದು, ನನಗೆ ಹಾಕದ್ದು. ನನಗೆ ಸಕ್ಕರೆ ಕಾಯಿಲೆ.

ಆಮೇಲೆ ಕೆಲವು ದಿನ ನಾನು ನಿಜಕ್ಕೂ ಸುಖವಾಗಿದ್ದೆ. ಇವರು ಸಂಜೆ ಬಂದು ಬ್ಯಾಟರಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಒಳಗೆ ತರುತ್ತಿದ್ದರು, ಚಾರ್ಜಿಗೆ ಹಾಕುತ್ತಿದ್ದರು. ಕೆಂಪು ದೀಪ ಹತ್ತಿ, ನಾನು ಕೊತ್ತಂಬರಿ ಬಿಡಿಸುವಷ್ಟರಲ್ಲಿ ಹಸಿರಾಗುತ್ತಿತ್ತು. ಚಾರ್ಜು ತುಂಬಿದೆ ಅಂತ ಅರ್ಥ. ಆಹಾ, ಎಂಥಾ ಬ್ಯಾಟರಿ! ಅಕ್ಕಪಕ್ಕದವರಿಗೆಲ್ಲ ಹೇಳಿದೆ. ಓಬಳೇಶನಿಗೆ ಫೋನ್ ಮಾಡಿ, "ನಿನ್ನ ಸೋಲಾರ್ ಮಡಿಕ್ಕೊ ಹೋಗ್ಲಾ, ನಮ್ಮ ಬ್ಯಾಟ್ರಿ ಉಣ್ಣಾದೇ ಇಲ್ಲ" ಅಂತ ಜಂಬ ಕೊಚ್ಚಿದೆ. ಅಷ್ಟಕ್ಕೇ ಬಿಡದೆ, ಒಳ್ಳೆಯದು ಮಾಡಿದವರಿಗೆ ಒಂದು ಮಾತು ಹೇಳಬೇಕಲ್ಲ ಅಂತ ಒಂದು ಮಧ್ಯಾಹ್ನ ನಯಾಜ್‌ಗೂ ಫೋನ್ ಮಾಡಿದೆ.

"ಬ್ಯಾಟ್ರಿ ಭಾಳ ಚೆನ್ನಾಗೈತೆ ಕಣಪ್ಪ. ದಿನಾ ಹೋಗಿ ಬಂದ್ರೂ ಚಾರ್ಜ್ ಕಮ್ಮೀನೇ ಆಗಲ್ಲ."

ನಯಾಜ್ ಅಂಗಡಿಯ ಗದ್ದಲದಿಂದ ಆಚೆ ಬಂದ.

"ಅಮ್ಮಾ, ಹಂಗಾಗಲ್ಲ" ಅಂದ. "ಆ ರಸ್ತೇಲಿ ಹೋಗಿ ಬಂದ್ರೆ ಅರ್ಧ ಆದ್ರೂ ಖಾಲಿ ಆಗ್ಲೇಬೇಕು. ಸಾಬ್ ಮೋಟಾರ್ ಹಾಕ್ತಾನೇ ಇಲ್ಲ."

"ಹಾಕ್ದೆ ಹೋದ್ರೆ?"

"ಹಾಕ್ದೆ ಹೋದ್ರೆ ಅದು ಮೋಟಾರ್ ಅಲ್ಲ ಅಮ್ಮಾ, ಬೋಜಾ. ಖಾಲಿ ಸೈಕಲ್‌ಗಿಂತ ಜಾಸ್ತಿ ದಮ್ಮು ಬೇಕು."

ಹೃದಯದ ಕಾಯಿಲೆಯವರ ಸೈಕಲ್ಲಿಗೆ ನಾನೇ ಮುಂದೆ ನಿಂತು ಭಾರ ಕಟ್ಟಿಸಿದ್ದೆ, ಅದಕ್ಕೆ ಕುಂಕುಮ ಬೇರೆ ಹಚ್ಚಿದ್ದೆ. ಪಾಯಸ ಮಾಡಿ ತಿಂದಿದ್ದೆ. ಎಂಥಾ ಸಂಕಟ ಆಯಿತು ಅಂದರೆ, ಇವರು ಎದುರಿಗಿದ್ದಿದ್ದರೆ ಆಗಲೇ ಕೊರಳುಪಟ್ಟಿ ಹಿಡಿದು ಕೇಳುತ್ತಿದ್ದೆ. ಸಂಜೆ ಬಂದರು. ಬ್ಯಾಟರಿ ಎತ್ತಿ ತಂದರು. ದೀಪ ಕೆಂಪಾಯಿತು, ಆದ ಹಾಗೇ ಹಸಿರಾಯಿತು. ಕೇಳೋಣ ಅಂತ ಬಾಯಿ ತೆರೆದವಳು ಆ ಎದೆಯ ಮೇಲಿನ ಕೈ ನೆನಪಾಗಿ ಮುಚ್ಚಿಕೊಂಡೆ. ಕೇಳಿದರೆ "ಹಾಕ್ತೀನಲ್ಲ" ಅನ್ನುತ್ತಾರೆ. ಕಣ್ಣಲ್ಲಿ ಕಂಡು ಹಿಡಿಯದ ಹೊರತು ಈ ಮನುಷ್ಯ ಒಪ್ಪುವವರಲ್ಲ.

ಬೆಳಿಗ್ಗೆ ಇವರು ಎಂದಿನ ಹಾಗೆ ಬೀದಿಯ ಜನರೆದುರು ಜಂಬದಿಂದ ಹ್ಯಾಂಡಲ್ ತಿರುಪಿಕೊಂಡು ಹೋದರು. ತಿರುವು ದಾಟಿದ್ದೇ ಮೋಟಾರಿನ ಸದ್ದು ನಿಂತಿತು. ಕಿವಿಗೊಟ್ಟು ನಿಂತಿದ್ದವಳಿಗೆ ಸ್ಪಷ್ಟವಾಗಿ ಗೊತ್ತಾಯಿತು. ಅವತ್ತು ಪೇಟೆಯಲ್ಲೇನೋ ಕೆಲಸವಿದೆ, ಲೈಬ್ರರಿ ತಡವಾಗುತ್ತದೆ ಅಂತ ಮೊದಲೇ ಹೇಳಿದ್ದರು. ಹಾಗಾಗಿ ಪುರವರದ ಕಡೆಯ ಮೊದಲ ಬಸ್ಸು ನನಗೆ ಸಿಕ್ಕಿತು. ಬಾಗಿಲಿಗೆ ಬೀಗ ಹಾಕಿ, ಒಂದು ನೀರಿನ ಬಾಟಲಿ ಹಿಡಿದು ಹತ್ತಿ ಕಿಟಕಿಗೆ ಅಂಟಿಕೊಂಡು ಕೂತೆ.

ಸೇತುವೆ ದಾಟಿದ ಮೇಲೆ ಕಂಡರು. ಏರಿನಲ್ಲಿ, ನೆಟ್ಟಗೆ ಹತ್ತಲಾಗದೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಅಡ್ಡಡ್ಡ ತುಳಿಯುತ್ತಿದ್ದರು. ಸೀಟಿನ ಮೇಲೆ ಕೂತಿರಲಿಲ್ಲ, ಪೆಡಲ್ಲಿನ ಮೇಲೆ ನಿಂತಿದ್ದರು. ಒಂದೊಂದು ತುಳಿತಕ್ಕೂ ತಲೆ ಕೆಳಗೆ ಹೋಗಿ ಮೇಲೆ ಬರುತ್ತಿತ್ತು. ಬಸ್ಸು ಹಾರ್ನ್ ಹೊಡೆದರೂ ತಿರುಗಿ ನೋಡಲಿಲ್ಲ. ಪಕ್ಕದಲ್ಲಿ ಹಾದಾಗ ಮುಖ ಕಂಡಿತು. ಬಾಯಿ ತೆರೆದಿತ್ತು, ಬಣ್ಣ ಮಣ್ಣಿನ ಬಣ್ಣ.

"ಹೋಲ್ಡಾನ್! ಹೋಲ್ಡಾನ್!" ಅಂತ ಕೂಗಿಕೊಂಡೆ.

"ಏರಲ್ಲಿ ನಿಲ್ಸಕಾಗಲ್ಲ ಕಣಮ್ಮ, ಮ್ಯಾಲೆ ಹೋಗಿ ನಿಲ್ಲಿಸ್ತೀನಿ ಇರು" ಅಂದ ಕಂಡಕ್ಟರು.

ಮೇಲೆ ಇಳಿಸಿ ಬಸ್ಸು ಹೋಯಿತು. ಅಲ್ಲಿಂದ ರಸ್ತೆ ಬಾಗಿದ್ದರಿಂದ ಕೆಳಗಿನದು ಕಾಣುವುದಿಲ್ಲ. ಈಗ ಬರುತ್ತಾರೆ, ಬಂದ ಕೂಡಲೇ ನಡುರಸ್ತೆಯಲ್ಲೇ ಮರ್ಯಾದೆ ಕಳೆಯುತ್ತೇನೆ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಒಂದು ಟ್ರ್ಯಾಕ್ಟರ್ ಬಂತು. ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕಿನವನೊಬ್ಬ ಬಂದ. ಇವರು ಬರಲಿಲ್ಲ. ಬೈಯಬೇಕು ಅಂತ ಜೋಡಿಸಿಕೊಂಡಿದ್ದ ಮಾತೆಲ್ಲ ಒಂದೊಂದಾಗಿ ಮರೆತುಹೋಯಿತು. ಹುಣಸೆಮರದ ಎಲೆ ಅಲ್ಲಾಡುತ್ತಿಲ್ಲ, ಎಲ್ಲೂ ಸದ್ದಿಲ್ಲ. ದೇವರೇ, ಅವರನ್ನು ಬೈಯುವುದಿಲ್ಲ, ಬಂದರೆ ಸಾಕು ಅಂದುಕೊಂಡೆ. ಆಮೇಲೆ ಕೆಳಗೆ ಓಡಿದೆ. ನನ್ನ ವಯಸ್ಸಿಗೆ, ನನ್ನ ಮೈಗೆ ಅದನ್ನು ಓಟ ಅನ್ನಬಹುದೋ ಇಲ್ಲವೋ, ನಾನಂತೂ ಓಡಿದೆ.

ಬಾಗು ದಾಟಿದ ಮೇಲೆ ಮೋರಿಯ ಕಟ್ಟೆಯ ಮೇಲೆ ಕೂತಿದ್ದರು. ಸೈಕಲ್ಲು ಕಲ್ಲಿಗೆ ಒರಗಿತ್ತು. ಎರಡೂ ಅಂಗೈ ಮೊಣಕಾಲ ಮೇಲೆ ಊರಿ, ತಲೆ ಬಗ್ಗಿಸಿ ಉಸಿರು ಹುಡುಕುತ್ತಿದ್ದರು. ನನ್ನನ್ನು ಕಂಡು ಬೆಚ್ಚಿಬಿದ್ದರು.

"ಲೇ ಸರೋಜ... ನೀನ್ಯಾಕೆ ಇಲ್ಲಿಗೆ ಬಂದೆ? ಏನಾತು?"

"ನೋವೈತಾ? ಎದೆ ನೋಯ್ತೈತಾ ಹೇಳಿ ಮೊದ್ಲು!"

"ಇಲ್ಲ ಕಣೆ, ಬರೀ ಉಸ್ರು."

"ನನ್ನ ಮ್ಯಾಲೆ ಆಣೆ ಮಾಡಿ."

"ನಿನ್ನಾಣೆ ಕಣೆ. ನೋವಿಲ್ಲ."

ನೀರು ಕುಡಿಸಿದೆ. ಸೆರಗಿನಲ್ಲಿ ಮುಖ ಒರೆಸಿದೆ. ಡಾಕ್ಟರಿಗೆ ಫೋನ್ ಮಾಡಿದೆ. ನೋವಿಲ್ಲದಿದ್ದರೆ ಕೂರಿಸಿ, ಮಧ್ಯಾಹ್ನದೊಳಗೆ ಕರೆದುಕೊಂಡು ಬಂದು ತೋರಿಸಿ ಅಂದರು. ಉಸಿರು ಹದಕ್ಕೆ ಬರುವವರೆಗೆ ಪಕ್ಕದಲ್ಲೇ ಕೂತಿದ್ದೆ. ಬಣ್ಣ ಮುಖಕ್ಕೆ ವಾಪಸ್ ಬಂತು. ಆಮೇಲೆ ಎದ್ದು ಹೋಗಿ ಬ್ಯಾಟರಿಯ ಗುಂಡಿ ಒತ್ತಿದೆ. ಚಾರ್ಜು ಎಷ್ಟಿದೆ ಅಂತ ತೋರಿಸುವ ನಾಲ್ಕಕ್ಕೆ ನಾಲ್ಕೂ ದೀಪ ಹತ್ತಿ ನನ್ನ ಮುಖಕ್ಕೇ ಹೊಡೆದವು. ಬೈಯುವುದಿಲ್ಲ ಅಂತ ದೇವರಿಗೆ ಕೊಟ್ಟ ಮಾತು ಅಲ್ಲಿಗೆ ಮುಗಿಯಿತು.

"ಯಾರಿಗ್ರೀ ಎತ್ತಿಟ್ಟಿದೀರಾ ಇದನ್ನ? ಯಾವ ಮದ್ವೆ ಮನೆಗೆ ಹಂಚಕ್ಕೆ? ಟವಲ್ ಎತ್ತಿಟ್ರಿ, ಸುಮ್ನಿದ್ದೆ. ಸೆಲ್ ಎತ್ತಿಟ್ರಿ, ಸುಮ್ನಿದ್ದೆ. ಪ್ರಾಣ ಖರ್ಚ್ ಮಾಡಿ ಕರೆಂಟ್ ಉಳಿಸೋ ಮನ್ಷ ಈ ಭೂಮಿ ಮ್ಯಾಲೆ ನೀವೊಬ್ರೇ ಕಣ್ರೀ! ನಾನಿಲ್ಲಿ ದಿನಾ ಸಾಯ್ತಾ ಇದೀನಿ, ನಿಮ್ಗೆ ಚಾರ್ಜು ಸವೆಯೋ ಚಿಂತೆ!"

ಈ ಸಲ ಇವರ ಕೈ ಎದೆಗೆ ಹೋಗಲಿಲ್ಲ. ರಸ್ತೆ ನೋಡುತ್ತಾ ಹೇಳಿದರು.

"ಹೋದ್ ವರ್ಷ ಶ್ರಾವಣ ಶನಿವಾರ ನೀನು ಬಿದ್ದಿದ್ದೆ ನೋಡು."

ಹೌದು, ಬಿದ್ದಿದ್ದೆ. ಶನಿವಾರದ ಒಪ್ಪೊತ್ತು ಮಾಡಿ, ಊಟ ಬಿಟ್ಟು, ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಬಿಡದೆ ನುಂಗಿ, ಅಡುಗೆಮನೆಯಲ್ಲಿ ತಲೆ ತಿರುಗಿ ಬಿದ್ದಿದ್ದೆ. ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದುಕೊಂಡು ಹೋದರು, ಗ್ಲೂಕೋಸ್ ಏರಿಸಿದರು, ಸಂಜೆಗೆ ಎದ್ದು ಬಂದು ಅನ್ನಕ್ಕಿಟ್ಟಿದ್ದೆ. ನನ್ನ ಮಟ್ಟಿಗೆ ಅದು ಮುಗಿದ ಕತೆ. ದೇವರಿಗಾಗಿ ಉಪವಾಸ, ಡಾಕ್ಟರಿಗಾಗಿ ಮಾತ್ರೆ, ಇಬ್ಬರನ್ನೂ ಮೆಚ್ಚಿಸಲು ಹೋದೆ ಅಂತ ನಾನೇ ಹೇಳಿಕೊಂಡು ನಗುತ್ತಿದ್ದ ಕತೆ.

"ಪಕ್ಕದ್ಮನೆಯೋರು ಫೋನ್ ಮಾಡಿ, ಸರೋಜಕ್ಕ ಬಿದ್ಬುಟ್ಟವ್ಳೆ, ಎದ್ದೇಳ್ತಾ ಇಲ್ಲ ಅಂದ್ರು" ಅಂದರು. "ಬಸ್ಸಿಲ್ಲ, ಯಾರ ಗಾಡೀನೂ ಇಲ್ಲ. ತುಳಿದೆ ಕಣೆ. ಸೇತುವೆ ದಾಟಿ ಊರ ಕಡೆ ಏರೈತಲ್ಲ, ಅಲ್ಲಿ ಎಷ್ಟು ತುಳಿದ್ರೂ ದಾರಿ ಸಾಗ್ಲೇ ಇಲ್ಲ. ಅಲ್ಲೇ ಮೊದ್ಲು ಎದೆ ಹಿಡ್ಕಂಡಿದ್ದು. ಇಳಿದು ಕುಂತ್ಕಂಡೆ. ನೀನು ಅಲ್ಲಿ ಬಿದ್ದಿದೀಯ, ನಾನು ಇಲ್ಲಿ ಕುಂತಿದೀನಿ. ಆ ಹೊತ್ತು ಯಾವ ಶತ್ರುಗೂ ಬ್ಯಾಡ."

"ಮೊದ್ಲು ಅಂದ್ರೆ? ದಸರಾ ಆದ್ಮೇಲೆ ಅಲ್ವಾ ನೋವು ಬಂದಿದ್ದು?"

"ಅದು ನಿಮ್ಗೆಲ್ಲ ಗೊತ್ತಾಗಿದ್ದು."

ಇಷ್ಟು ದಿನ ಹೇಳಿರಲಿಲ್ಲ. ನಾನು ನಕ್ಕು ನಕ್ಕು ಆ ಉಪವಾಸದ ಕತೆ ಹೇಳುವಾಗಲೆಲ್ಲ ಇವರು ಎದ್ದು ಹೊರಗೆ ಹೋಗುತ್ತಿದ್ದರು. ಕೇಳಿ ಕೇಳಿ ಬೇಜಾರಾಗಿರಬೇಕು ಅಂದುಕೊಂಡಿದ್ದೆ.

"ಇನ್ನೊಂದ್ಸಲ ಅಂಥಾ ಫೋನ್ ಬಂದ್ರೆ ಏರಲ್ಲಿ ಕುಂತ್ಕಳಂಗಿರಬಾರ್ದು ಅಂತ" ಅಂದರು. "ಹೋಗಾಗ ಬರಾಗ ಖರ್ಚ್ ಮಾಡ್ಕಂಡು, ಫೋನ್ ಬಂದ ಹೊತ್ತಿಗೇ ಅದು ಕೈ ಕೊಟ್ರೆ? ನಿಂಗೇನಾದ್ರೂ ಆದ್ರೆ ಬೇಕಲ್ಲ ಅಂತ ಎತ್ತಿಟ್ಟಿದ್ದೆ. ಒಂದೇ ಉಸ್ರಿಗೆ ಮನೆ ಸೇರ್ಬೌದಲ್ಲ ಅಂತ."

ನನಗೆ ಅಳು ಬಂತು, ಅತ್ತುಬಿಟ್ಟೆ. ಸಿಟ್ಟೂ ಬಂತು, ಸುಳ್ಳೇಕೆ. ಸಂಜೆ ಹೊತ್ತು ಗೇಟಿನ ಸದ್ದಿಗೆ ಕಾಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಇವರು ಅಲ್ಲಿ ಪೇಪರು ಜೋಡಿಸುತ್ತಾ ದಿನವಿಡೀ ಫೋನಿಗೆ ಹೆದರಿಕೊಂಡು ಕೂತಿರುತ್ತಿದ್ದರು. ಬೆಳಿಗ್ಗೆ ಹೊರಟಾಗ "ತಿಂಡಿ ತಿಂದ್ಯಾ" ಅಂತ ಕೇಳುತ್ತಿದ್ದುದಕ್ಕೆ, ಈ ವಯಸ್ಸಿನಲ್ಲಿ ಇದೇನು ಉಪಚಾರ ಅಂತ ರೇಗುತ್ತಿದ್ದೆನಲ್ಲ ಅನ್ನಿಸಿತು.

"ನಾನ್ ಬಿದ್ರೆ ಎತ್ತಕ್ಕೆ ಬೀದಿ ತುಂಬಾ ಜನ ಅವ್ರೆ. ನೀವಿಲ್ಲಿ ಬಿದ್ರೆ ಈ ಮೋರಿ ಎತ್ತುತ್ತಾ?" ಅಂದೆ. "ಇವತ್ತು ಮಧ್ಯಾಹ್ನ ಡಾಕ್ಟ್ರು. ನಾಳೆ ಶಿರಾ. ಆ ತಿರುಪೋದನ್ನ ಕೀಳ್ಸಿ ಪೆಡಲ್‌ಗೇ ಕಟ್ಟುಸ್ತೀನಿ. ಉಳುಸ್ತೀನಿ ಅಂದ್ರೂ ಉಳೀಬಾರ್ದು ಅದು. ಎದೆ ಮ್ಯಾಲೆ ಕೈ ಮಡಿಕ್ಕಂಡ್ರೂ ಅಷ್ಟೇ, ತಲೆ ಮ್ಯಾಲೆ ಮಡಿಕ್ಕಂಡ್ರೂ ಅಷ್ಟೇ."

"ಆತು ಬುಡು" ಅಂದರು. ಮೂರು ದಶಕದ ಸಂಸಾರದಲ್ಲಿ ಇಷ್ಟು ಬೇಗ ಒಪ್ಪಿದ್ದು ಅದೇ ಮೊದಲು.

ಊರ ಕಡೆ ಹೋಗುವ ಬಸ್ಸು ಸದ್ಯಕ್ಕಿರಲಿಲ್ಲ. ಇವರು ಎದ್ದು ಸೈಕಲ್ಲು ತಿರುಗಿಸಿದರು. ತಳ್ಳಿಕೊಂಡು ಹೋಗೋಣ ಅಂದರು. ತಳ್ಳಲು ಬಿಟ್ಟರೆ ಸೇತುವೆಯ ಆಚೆ ಮತ್ತೆ ಅದೇ ಏರು, ಮತ್ತೆ ಅದೇ ಉಸಿರು. ನಾನು ಸೆರಗು ಬಿಗಿದು ಹಿಂದಿನ ಕ್ಯಾರಿಯರ್ ಮೇಲೆ ಕೂತೆ.

"ಲೇ, ಇದೇನೆ! ಇಳಿಯೇ, ನಿನ್ನ ಕುಂಡ್ರಿಸ್ಕಂಡು ಏರು ತುಳಿಯಾಕಾಗ್ತೈತಾ?"

"ಆಗಲ್ಲ. ಅದುಕ್ಕೇ ಕುಂತಿರಾದು. ತಿರುಪಿ."

ಸೇತುವೆಯವರೆಗೆ ಬ್ರೇಕ್ ಹಿಡಿದುಕೊಂಡೇ ಇಳಿದರು. ಸೇತುವೆ ದಾಟಿ ಊರ ಕಡೆಯ ಏರು ಶುರುವಾದಾಗ ಸೈಕಲ್ಲು ನಿಲ್ಲುವ ಹಾಗಾಯಿತು. ಆಗ ತಿರುಪಿದರು. ಮೋಟಾರು ಒಮ್ಮೆ ನರಳಿ ನಮ್ಮಿಬ್ಬರನ್ನೂ ಎಳೆಯತೊಡಗಿತು. ನಾನು ಅವರ ಬೆನ್ನಿನ ಮೇಲೆ, ಎಡಗಡೆಗೆ, ಅಂಗೈ ಊರಿದೆ. ಒದ್ದೆ ಅಂಗಿಯ ಒಳಗೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದೇ ಸಮನೆ, ಅವಸರವಿಲ್ಲದೆ. ಇವರ ಕಾಲು ಎರಡೂ ಸುಮ್ಮನಿದ್ದವು. ಅರ್ಧ ಏರು ಹತ್ತಿರಬಹುದು, ಇವರು ಬಗ್ಗಿ ಬ್ಯಾಟರಿಯ ಕಡೆ ನೋಡಿದರು.

"ಲೇ ಸರೋಜ, ಇಬ್ರು ಭಾರಕ್ಕೆ ಚಾರ್ಜು ಸರಸರ ಇಳೀತೈತೆ ಕಣೆ."

"ಇಳೀಲಿ. ನಂಗೇನಾದ್ರೂ ಆದ್ರೆ ಅಂತ ತಾನೆ ಎತ್ತಿಟ್ಟಿದ್ದು? ಆಗೈತೆ. ನಡೀರಿ."